ಎರಡು ಕೀಲುಗಳು

ನನ್ನ ಬಲದೊಡೆಯೊಳಗೆ ಒಂದು ಲೋಹದ ಕೀಲು ಇದೆ. ನಾಲ್ಕು ವರ್ಷಗಳ ಹಿಂದೆ ಆಷಾಢದ ಜಡಿಮಳೆಯಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದು ತೊಡೆಯ ಮೂಳೆಯ ಕೊರಳನ್ನು ಮುರಿದುಕೊಂಡೆನು. ವೈದ್ಯರು ಮುರಿದ ಭಾಗವನ್ನು ತೆಗೆದುಹಾಕಿ, ಮೂಳೆಯೊಳಕ್ಕೆ ಲೋಹದ ದಂಡವೊಂದನ್ನು ಇಳಿಸಿ, ಅದರ ತುದಿಗೆ ಗುಂಡನ್ನೂ ಸೊಂಟದ ಕುಳಿಗೆ ಬಟ್ಟಲನ್ನೂ ಕೂರಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಊರುಗೋಲಿನ ಆಸರೆಯಿಂದ ನಡೆದಾಡುವಂತಾದೆನು. ಕಾಳಗದಲ್ಲಿ ಕಾಲನ್ನು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕೊಟ್ಟರೆಂದು ಋಗ್ವೇದದಲ್ಲಿ ಹೇಳಿದೆ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅದನ್ನು ದೇವತೆಗಳ ಮಹಿಮೆಯೆಂದು ಬಗೆದು ಮುಂದಿನ ಋಕ್ಕಿಗೆ ಹೋಗಿದ್ದೆನು. ಆ ಮಹಿಮೆಯು ಈಗ ನನ್ನ ಮೈಯೊಳಗೇ ಬಂದು ಕುಳಿತಿತು.

ಆದರೆ ನಾನು ಹೇಳಹೊರಟಿರುವುದು ನನ್ನ ಕೀಲಿನ ವಿಷಯವನ್ನಲ್ಲ. ನಮ್ಮ ಮನೆಯ ನಾಯಿ ಭೈರನ ಕೀಲಿನ ವಿಷಯವನ್ನು. ಇದರಲ್ಲಿ ನನ್ನದೊಂದು ತಪ್ಪೂ ಸೇರಿರುವುದರಿಂದ ಬರೆಯಲು ಕೆಲವು ಕಾಲ ಹಿಂಜರಿದೆನು.

ಆಲೂರಿನಿಂದ ಬಾಳ್ಳುಪೇಟೆಯ ಕಡೆಗೆ ಹಬ್ಬಿರುವ ಗುಡ್ಡಗಳ ನಡುವೆ ನಮ್ಮ ಮನೆ. ಮುಂದೆ ಒಂದಿಷ್ಟು ಗದ್ದೆ, ಹಿಂದೆ ಒಂದಿಷ್ಟು ಕಾಫಿ, ಮೆಣಸಿನ ಬಳ್ಳಿ ಹಬ್ಬಿದ ನೆರಳಿನ ಮರಗಳು. ಭೈರನು ಅಲ್ಸೇಷಿಯನ್ ಬೆರಕೆಯವನು. ನೆರೆಯ ತೋಟದವರ ಮನೆಯಿಂದ ಮರಿಯಾಗಿದ್ದಾಗ ಬಂದವನು. ಈ ಸೀಮೆಯ ಕಾಡಾನೆಗಳ ಹಾವಳಿಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಆನೆಯು ತೋಟದ ಅಂಚಿಗೆ ಬಂದುದು ನಮಗಿಂತ ಮೊದಲು ಭೈರನಿಗೆ ತಿಳಿಯುತ್ತಿತ್ತು. ಅವನು ಗೇಟಿನ ತನಕ ಓಡಿ ಬೊಗಳಿದರೆ ಆಳುಗಳು ಲೈನು ಮನೆಗಳಿಂದ ಹೊರಗೆ ಬರುತ್ತಿರಲಿಲ್ಲ. ಹೀಗೆ ಏಳು ವರ್ಷ ಅವನು ನಮ್ಮನ್ನು ಕಾದನು.

ಎಂಟನೆಯ ವರ್ಷದ ಚಳಿಗಾಲದಲ್ಲಿ ಅವನ ನಡೆ ಬದಲಾಯಿತು. ಬೆಳಗ್ಗೆ ಏಳುವುದಕ್ಕೆ ತಡ ಮಾಡುವನು. ಅಂಗಳದಿಂದ ಜಗಲಿಗೆ ಇರುವ ಏಳು ಮೆಟ್ಟಿಲುಗಳನ್ನು ಕಂಡರೆ ನಿಂತುಬಿಡುವನು. ಓಡುವಾಗ ಹಿಂದಿನ ಎರಡು ಕಾಲುಗಳನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುವನು. ನಾನು ಇದನ್ನು ಸೋಮಾರಿತನವೆಂದು ಎಣಿಸಿದೆನು. ಮೂವತ್ತು ವರ್ಷ ತರಗತಿಗಳಲ್ಲಿ ನಿಂತವನಿಗೆ ಸೋಮಾರಿತನವು ಬಲು ಬೇಗ ಕಣ್ಣಿಗೆ ಬೀಳುತ್ತದೆ; ಇಲ್ಲದ ಕಡೆಯಲ್ಲಿಯೂ ಬೀಳುತ್ತದೆ. ಒಂದು ಸಂಜೆ ತೋಟದ ಕೆಳಗೆ ಆನೆ ಬಂದಿದೆಯೆಂದು ಆಳು ಕೂಗಿದನು. ಭೈರನು ತಲೆಯೆತ್ತಿ ನೋಡಿ, ಏಳಲು ಹವಣಿಸಿ, ಮತ್ತೆ ಮಲಗಿದನು. ಉಂಡ ಮನೆಯ ಋಣವಿಲ್ಲದವನೆಂದು ಸಿಟ್ಟುಗೊಂಡು, ಕೈಯಲ್ಲಿದ್ದ ಊರುಗೋಲಿನಿಂದ ಅವನ ಸೊಂಟಕ್ಕೆ ಒಂದೇಟು ಹೊಡೆದೆನು. ಅವನು ಕೂಗಿದ ಕೂಗನ್ನು ಕೇಳಿ ನನ್ನಾಕೆಯು ಒಳಗಿನಿಂದ ಓಡಿಬಂದಳು.

"ನಿಮ್ಮ ಸೊಂಟ ಮುರಿದಾಗ ಆ ನೋವು ಊರಿಗೆಲ್ಲ ಗೊತ್ತಾಯಿತು. ಅದಕ್ಕೆ ಬಾಯಿಲ್ಲ ಅಂತ ಹೊಡೀತೀರಲ್ಲ!" ಎಂದಳು.

ಮಾರನೆಯ ದಿನವೇ ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಪಶುವೈದ್ಯರಲ್ಲಿಗೆ ಹೋದೆವು. ವೈದ್ಯನು ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ ಅವನು ಬಾಯಿಬಿಡುತ್ತಿರಲಿಲ್ಲವಾದುದರಿಂದ ಅವನನ್ನೂ ಮಂದನೆಂದೇ ನಾನು ಎಣಿಸಿದ್ದೆನು. ಅವನು ಎಕ್ಸರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದನು. ತೊಡೆಯ ಮೂಳೆಯ ತಲೆಯು ದುಂಡಗಿರಬೇಕು. ಸೊಂಟದ ಕುಳಿಯು ಅದನ್ನು ಅಂಗೈಯಂತೆ ಅಪ್ಪಿಕೊಂಡಿರಬೇಕು. ಭೈರನಲ್ಲಿ ಕುಳಿಯು ತಟ್ಟೆಯಂತೆ ಚಪ್ಪಟೆಯಾಗಿತ್ತು. ತಲೆಯು ಅರ್ಧ ಹೊರಗೆ ಸರಿದು, ಉಜ್ಜಿ ಉಜ್ಜಿ ಅಣಬೆಯಂತೆ ಅಗಲವಾಗಿತ್ತು. ದೊಡ್ಡ ಜಾತಿಯ ನಾಯಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಈ ರೋಗವನ್ನು ಅಮೆರಿಕದ ಪಶುವೈದ್ಯ ಷ್ನೆಲ್ಲೆ ಎಂಬಾತನು 1935ರಲ್ಲಿಯೇ ವಿವರಿಸಿದ್ದನಂತೆ. ಮರಿಯಾಗಿದ್ದಾಗ ಕೀಲು ಸಡಿಲವಾಗುತ್ತದೆ, ಸಡಿಲವಾದುದು ಸವೆಯುತ್ತದೆ, ಸವೆದುದು ನೋಯುತ್ತದೆ.

"ಎಷ್ಟು ದಿನದಿಂದ ಹೀಗಿದೆ, ಮೇಷ್ಟ್ರೇ?" ಎಂದು ಕೇಳಿದನು.

"ಒಂದು ವರ್ಷವಾಗಿರಬಹುದು" ಎಂದೆನು. ಅವನು ಏನನ್ನೂ ಹೇಳದೆ ಭೈರನ ತೊಡೆಯನ್ನು ಮುಟ್ಟಿನೋಡಿದನು. ಹಿಂದೆ ತುಂಬಿಕೊಂಡಿದ್ದ ಮಾಂಸವು ಕರಗಿ ಮೂಳೆಯು ಕೈಗೆ ಸಿಗುತ್ತಿತ್ತು.

ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಸತ್ರಕ್ಕೆ ಬಂದ ಸರಮೆಯ ಮಗನನ್ನು ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿಯು ಬಂದು, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಆ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠಮಾಡಿದ ನನ್ನಲ್ಲಿಯೂ ಅಂದು ಉತ್ತರವಿರಲಿಲ್ಲ.

ವೈದ್ಯನು ಎರಡು ದಾರಿಗಳನ್ನು ಹೇಳಿದನು. ಒಂದು, ಸವೆದ ಮೂಳೆಯ ತಲೆಯನ್ನು ಕತ್ತರಿಸಿ ತೆಗೆದುಬಿಡುವುದು. ಮೂಳೆಗೆ ಮೂಳೆ ಉಜ್ಜುವುದು ನಿಂತರೆ ನೋವು ನಿಲ್ಲುತ್ತದೆ. ಸುತ್ತಲಿನ ಮಾಂಸವೂ ನಾರೂ ಸೇರಿ ಸುಳ್ಳು ಕೀಲೊಂದನ್ನು ಕಟ್ಟಿಕೊಳ್ಳುತ್ತವೆ. ಭಾರವಾದ ನಾಯಿಯಲ್ಲಿ ನಡೆಯು ಪೂರ್ತಿ ನೇರವಾಗುವುದಿಲ್ಲ. ಇನ್ನೊಂದು, ನನಗೆ ಇಟ್ಟಂತೆಯೇ ಅದಕ್ಕೂ ಲೋಹದ ಕೀಲನ್ನು ಇಡುವುದು. ಅದಕ್ಕೆ ದೂರದ ದೊಡ್ಡ ನಗರಕ್ಕೆ ಹೋಗಬೇಕು, ವೆಚ್ಚವು ಬಹಳ. "ನಾಯಿಗೆ ಇಡುವ ಕಬ್ಬಿಣ ಎಷ್ಟು ದಿನ ತಡೆದೀತು?" ಎಂದು ಕೇಳಿದೆನು. ನನ್ನ ತೊಡೆಯೊಳಗಿನ ಲೋಹವನ್ನು ಕುರಿತು ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಎಂಜಿನಿಯರು. ಲೋಹದ ವಸ್ತುಗಳ ಬಲವನ್ನು ಪರೀಕ್ಷಿಸುವುದು ಅವನ ವೃತ್ತಿ. ಅವನಿಗೆ ಫೋನು ಮಾಡಿದಾಗ, "ಮಾವ, ನಾಯಿಗೆ ಇಡುವ ಕೀಲೊಂದನ್ನು ನಮ್ಮ ಪ್ರಯೋಗಶಾಲೆಯಲ್ಲಿ ಈಗ ಪರೀಕ್ಷೆ ಮಾಡುತ್ತಿದ್ದೇವೆ. ಬಂದು ನೋಡಿ, ಆಮೇಲೆ ತೀರ್ಮಾನ ಮಾಡಿ" ಎಂದನು. ಹೋದೆನು.

ಎರಡು ಉಕ್ಕಿನ ಕಂಬಗಳ ನಡುವೆ ಒಂದು ಸಣ್ಣ ಪಾತ್ರೆ. ಅದರಲ್ಲಿ ಗಟ್ಟಿಯಾದ ರಾಳದೊಳಗೆ, ಬುಟ್ಟಿಯಲ್ಲಿ ಕಾಫಿಯ ಸಸಿಯನ್ನು ಓರೆಯಾಗಿ ನೆಟ್ಟಂತೆ, ಕೀಲಿನ ದಂಡವನ್ನು ಅರ್ಧ ಹೂತಿದ್ದರು. ಅರ್ಧವೇ ಏಕೆಂದು ಕೇಳಿದೆನು. ಕಾಲಕ್ರಮದಲ್ಲಿ ಮೇಲ್ಭಾಗದ ಮೂಳೆಯು ಸಡಿಲವಾಗಿ ಕೆಳಗೆ ಮಾತ್ರ ಹಿಡಿತ ಉಳಿದರೆ ಏನಾಗುವುದೆಂಬ ಅತಿ ಕೆಟ್ಟ ಸ್ಥಿತಿಯನ್ನು ಹೀಗೆ ಕಲ್ಪಿಸುವರಂತೆ. ಮೇಲಿನಿಂದ ಒಂದು ಒತ್ತುಗೋಲು ಗುಂಡಿನ ಮೇಲೆ ಇಳಿದು ಒತ್ತಿ, ಸಡಿಲಿಸಿ, ಮತ್ತೆ ಒತ್ತುತ್ತಿತ್ತು. ಒಂದು ಸೆಕೆಂಡಿಗೆ ಹತ್ತು ಸಲ. ಪಕ್ಕದ ಫಲಕದಲ್ಲಿ ಅಂಕಿಗಳು ಓಡುತ್ತಿದ್ದವು.

"ಒಂದೇ ಸಲ ಜೋರಾಗಿ ಒತ್ತಿ ನೋಡಬಾರದೆ?" ಎಂದು ಕೇಳಿದೆನು.

"ಅದನ್ನೂ ಮಾಡುತ್ತೇವೆ, ಮಾವ. ಎಷ್ಟು ಭಾರಕ್ಕೆ ಬಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಮೈಯೊಳಗೆ ಇಟ್ಟ ಲೋಹವು ಸಾಮಾನ್ಯವಾಗಿ ಒಂದೇ ದೊಡ್ಡ ಏಟಿಗೆ ಮುರಿಯುವುದಿಲ್ಲ. ಚಿಕ್ಕ ಭಾರವನ್ನೇ ಲಕ್ಷಾಂತರ ಸಲ ಹೊತ್ತು ಬಳಲಿ ಮುರಿಯುತ್ತದೆ."

ಲೋಹಕ್ಕೂ ಬಳಲಿಕೆಯುಂಟೆಂಬುದು ನನಗೆ ಹೊಸ ಮಾತು. ಅದನ್ನು ಮನುಷ್ಯನಿಗೆ ಕಲಿಸಿದುದು ರೈಲು. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೇಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಮಿಕ್ಕು ಜನರು ಸತ್ತರು. ಗಟ್ಟಿಯಾದ ಅಚ್ಚು, ದಿನವೂ ಹೊತ್ತ ಭಾರವನ್ನೇ ಹೊತ್ತಿದ್ದಾಗ ಏಕೆ ಮುರಿಯಿತು? ಈ ಬಗೆಯ ಪ್ರಶ್ನೆಗೆ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ 1850ರ ದಶಕದ ಕೊನೆಯಿಂದ 1870ರ ವರೆಗೆ ಪ್ರಯೋಗಗಳನ್ನು ನಡೆಸಿ ಉತ್ತರ ಕಂಡುಕೊಂಡನು. ಒಂದು ಸಲ ಹೊತ್ತಾಗ ಏನೂ ಮಾಡದ ಭಾರವು ಲಕ್ಷ ಸಲ ಹೊತ್ತಾಗ ಕಣ್ಣಿಗೆ ಕಾಣದ ಬಿರುಕನ್ನು ಹುಟ್ಟಿಸಿ ಬೆಳೆಸುತ್ತದೆ. ಆದರೆ ಉಕ್ಕಿನಂತಹ ಲೋಹದಲ್ಲಿ ಒಂದು ಮಿತಿಯುಂಟು. ಭಾರವು ಆ ಮಿತಿಯ ಕೆಳಗಿದ್ದರೆ ಎಷ್ಟು ಸಲ ಹೊತ್ತರೂ ಬಿರುಕು ಹುಟ್ಟದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವನ್ನಿಳಿಯುವ ರೈಲುದಾರಿಯು ತೆರೆದುದು 1979ರಲ್ಲಿ. ಐವತ್ತು ಅಡಿಗೆ ಒಂದಡಿ ಇಳಿಜಾರು, ಐವತ್ತೇಳು ಸುರಂಗಗಳು. ರಾತ್ರಿ ನಮ್ಮ ಮನೆಗೆ ಕೇಳಿಸುವ ಗೂಡ್ಸ್ ರೈಲಿನ ಒಂದೊಂದು ಚಕ್ರದ ಅಚ್ಚೂ ವ್ಯೋಲರನ ಆ ಮಿತಿಯನ್ನು ನಂಬಿಯೇ ಸುರಂಗವನ್ನು ಹೊಗುತ್ತದೆ. ನನ್ನ ತೊಡೆಯ ದಂಡವೂ ಅದೇ ವಿದ್ಯೆಯ ಮೇಲೆ ನಿಂತಿದೆ.

ಮನುಷ್ಯನಿಗೆ ಇಡುವ ದಂಡಕ್ಕೆ ಅಂತರರಾಷ್ಟ್ರೀಯ ಮಾನಕವೊಂದಿದೆ. 2300 ನ್ಯೂಟನ್, ಎಂದರೆ ಸುಮಾರು 235 ಕಿಲೋಗ್ರಾಂ ತೂಕದಷ್ಟು ಭಾರವನ್ನು 50 ಲಕ್ಷ ಸಲ ಹೊತ್ತು ಮುರಿಯದಿರಬೇಕು. ಸೆಕೆಂಡಿಗೆ ಹತ್ತರಂತೆ ಹಗಲೂ ರಾತ್ರಿಯೂ ನಡೆದರೆ ಇದಕ್ಕೆ ಸುಮಾರು ಆರು ದಿನ ಬೇಕು. ದಂಡದ ಕೊರಳಿಗೆ ಬೇರೊಂದು ಪರೀಕ್ಷೆಯುಂಟು. ಅದು 5340 ನ್ಯೂಟನ್ ಭಾರದಲ್ಲಿ ಒಂದು ಕೋಟಿ ಸಲ. ನಾಯಿಯ ಒಂದು ಕಾಲು ದಿನಕ್ಕೆ ಐದು ಸಾವಿರ ಹೆಜ್ಜೆ ಇಡುವುದೆಂದು ಹಿಡಿದರೆ 50 ಲಕ್ಷ ಹೆಜ್ಜೆಗಳು ಮೂರು ವರ್ಷದೊಳಗೇ ಮುಗಿದುಹೋಗುತ್ತವೆಂದು ನಾನು ಲೆಕ್ಕ ಹಾಕಿದೆನು. ಅದಕ್ಕಾಗಿಯೇ ದಿನನಿತ್ಯದ ಭಾರಕ್ಕಿಂತ ಬಹಳ ಹೆಚ್ಚಿನ ಭಾರವನ್ನು ಪರೀಕ್ಷೆಯಲ್ಲಿ ಹೊರಿಸುವರು.

ನಾಯಿಯ ಕೀಲು ಚಿಕ್ಕದಾದುದರಿಂದ ಪರೀಕ್ಷೆಯೂ ಸುಲಭವಾಗಿರಬೇಕೆಂದು ನಾನು ಭಾವಿಸಿದ್ದೆನು. ನಿಜವು ಇದಕ್ಕೆ ವಿರುದ್ಧ. ದುಂಡನೆಯ ಸಲಾಕೆಯ ದಪ್ಪವು ಅರ್ಧವಾದರೆ ಬಾಗುವುದನ್ನು ತಡೆಯುವ ಅದರ ಬಲವು ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಸಣ್ಣ ನಾಯಿಗೆ ಮಾಡಿದ ತೆಳುವಾದ ಕೊರಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ನಾಯಿಯು ನಿಂತಾಗ ತೂಕದ ಹೆಚ್ಚಿನ ಪಾಲನ್ನು ಮುಂಗಾಲುಗಳೇ ಹೊರುತ್ತವೆ, ನಿಜ. ಆದರೆ ಹಿಂಗಾಲಿನ ಕೀಲಿನ ಮೇಲೆ ನೆಲದ ಒತ್ತಡವಷ್ಟೇ ಅಲ್ಲದೆ, ಸೊಂಟವನ್ನು ಹಿಡಿದಿರುವ ಮಾಂಸಖಂಡಗಳ ಸೆಳೆತವೂ ಸೇರಿ ಬೀಳುತ್ತದೆ. ಅದರ ತೊಡೆಯು ನಮ್ಮದರಂತೆ ನೆಟ್ಟಗಿರದೆ ಮಡಿಸಿಕೊಂಡಿರುವುದರಿಂದ ಭಾರವು ಬರುವ ದಿಕ್ಕೂ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, "ಆರು ವಾರ ಮೆಟ್ಟಿಲು ಹತ್ತಬೇಡಿ" ಎಂದು ವೈದ್ಯರು ನನಗೆ ಹೇಳಿದರು, ನಾನು ಹತ್ತಲಿಲ್ಲ. ಭೈರನಿಗೆ ಯಾರು ಹೇಳಬೇಕು? ಹಾದಿಯಲ್ಲಿ ಮೊಲ ಕಂಡರೆ ಅವನು ನೆಗೆಯುವನು. ನೋವಾದರೆ ನಾನು ಹೇಳುವೆನು. ಅವನು ಸುಮ್ಮನೆ ಮಲಗುವನು, ಮನೆಯ ಯಜಮಾನನು ಅದನ್ನು ಸೋಮಾರಿತನವೆನ್ನುವನು. ಆದುದರಿಂದ ಅವನ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಯಂತ್ರವೇ ಮೊದಲು ಕೇಳಿ ಮುಗಿಸಿರಬೇಕು.

ಇಷ್ಟಾದರೂ ಈ ಪರೀಕ್ಷೆಯನ್ನು ಎಲ್ಲೆಡೆಯೂ ಕಾಯಿದೆಯು ಕಡ್ಡಾಯಗೊಳಿಸಿಲ್ಲ. ಅಮೆರಿಕದಲ್ಲಿ ಮನುಷ್ಯರ ಕೃತಕ ಕೀಲನ್ನು ಮಾರುವ ಮೊದಲು ಸರ್ಕಾರದ ಅನುಮತಿ ಬೇಕು; ಪಶುಗಳ ಉಪಕರಣಗಳಿಗೆ ಅಂತಹ ಪೂರ್ವಾನುಮತಿ ಬೇಕಾಗಿಲ್ಲ, ಹೊಣೆಯು ಮಾಡುವವನ ಮೇಲೆಯೇ ಉಂಟು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪ್ರಕಟಣೆಯು ವೈದ್ಯಕೀಯ ಉಪಕರಣಗಳ ವ್ಯಾಖ್ಯೆಯಲ್ಲಿ ಮನುಷ್ಯರೊಡನೆ ಪ್ರಾಣಿಗಳನ್ನೂ ಸೇರಿಸಿದೆ. ಅದನ್ನು ಓದಿ ಸಂತೋಷವಾಯಿತು.

ಪರೀಕ್ಷೆಯ ವಿಷಯದಲ್ಲಿ ಸೋದರಳಿಯನು ಹೇಳಿದ ಇನ್ನೊಂದು ವೃತ್ತಾಂತವನ್ನು ಹಳೆಯ ಉಪಾಧ್ಯಾಯನಾದ ನಾನು ಮರೆಯಲಾರೆ. ಇಂಗ್ಲೆಂಡಿನಲ್ಲಿ ಇಂದಿನ ಸೊಂಟದ ಕೀಲಿಗೆ ಅಡಿಪಾಯ ಹಾಕಿದ ವೈದ್ಯ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನಿನ ಬಟ್ಟಲನ್ನು ಬಳಸಿದನು. ನೋಡಲು ನುಣುಪು, ಮುಟ್ಟಲು ನುಣುಪು. ನೂರಾರು ರೋಗಿಗಳಿಗೆ ಇಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅದು ಸವೆದುಹೋಗಿ, ಸವೆದ ಪುಡಿಯು ಮೈಗೆ ಹಗೆಯಾಯಿತು. 1962ರಲ್ಲಿ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ತುಣುಕೊಂದು ಬಂದಾಗ ಚಾರ್ನ್ಲಿಯು ಅದನ್ನು ಉಪಯೋಗವಿಲ್ಲವೆಂದು ತಳ್ಳಿಹಾಕಿದನು. ಅವನ ಕಾರ್ಯಾಗಾರದ ಕುಶಲಿ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತದ ಯಂತ್ರಕ್ಕೆ ಹಾಕಿ ಓಡಿಸುತ್ತಲೇ ಇದ್ದನು. ವಾರಗಳು ಕಳೆದರೂ ಅದು ಸವೆದುದು ಅತ್ಯಲ್ಪ. ಚಾರ್ನ್ಲಿಯು ತನ್ನ ತಪ್ಪನ್ನು ಒಪ್ಪಿ ಆ ವಸ್ತುವನ್ನೇ ಹಿಡಿದನು. ಇಂದಿಗೂ ಬಹುಮಟ್ಟಿಗೆ ಆ ಜಾತಿಯ ಬಟ್ಟಲುಗಳೇ ಬಳಕೆಯಲ್ಲಿವೆ. ಮುಖ ನೋಡಿ ಅನುತ್ತೀರ್ಣಗೊಳಿಸಿದ ಎಷ್ಟು ಹುಡುಗರನ್ನು ನಾನು ಹೀಗೆ ಯಂತ್ರಕ್ಕೆ ಹಾಕಿ ನೋಡಿದ್ದೆನು? ಭೈರನ ವೈದ್ಯನು ನೆನಪಿಗೆ ಬಂದನು.

ಈ ವಿದ್ಯೆಯು ಬೆಳೆದುದರಲ್ಲಿ ನಾಯಿಗಳ ಪಾಲು ದೊಡ್ಡದು. ಅಮೆರಿಕದ ವಾಯುಸೇನೆಯ ಪಶುವೈದ್ಯ ಗೋರ್ಮನ್ 1957ರಲ್ಲಿ ಪ್ರಕಟಿಸಿದ ಪೂರ್ಣ ಕೃತಕ ಕೀಲಿನ ಪ್ರಯೋಗಗಳು ನಾಯಿಗಳ ಮೇಲೆ ನಡೆದವು. ಮೂಳೆಯು ತಾನಾಗಿಯೇ ಬೆಳೆದು ಹಿಡಿದುಕೊಳ್ಳುವಂತೆ ಲೋಹದ ಮೈಯನ್ನು ಒರಟುಮಾಡುವ ಕ್ರಮವನ್ನೂ ಬಹುವಾಗಿ ಅವುಗಳಲ್ಲಿಯೇ ಪರೀಕ್ಷಿಸಿದರು. ನಾಯಿಗಳ ಚಿಕಿತ್ಸೆಗೆಂದೇ ಮಾಡಿದ ಕೀಲು ಮಾರುಕಟ್ಟೆಗೆ ಬಂದುದು 1974ರಲ್ಲಿ. ನನ್ನ ತೊಡೆಯೊಳಗಿನ ಕೀಲು ಗಟ್ಟಿಯೆಂದು ತಿಳಿಯುವುದಕ್ಕೆ ಮೊದಲು ಎಷ್ಟು ನಾಯಿಗಳು ಅದನ್ನು ಹೊತ್ತು ನಡೆದವೋ! ಅವುಗಳ ಋಣವನ್ನು ಅವುಗಳ ಜಾತಿಯವನೊಬ್ಬನಿಗೆ ನಾನು ಊರುಗೋಲಿನಿಂದ ತೀರಿಸಿದ್ದೆನು.

ಊರಿಗೆ ಹಿಂದಿರುಗಿದವನೇ ವೈದ್ಯನನ್ನು ಕಂಡು, ಲೋಹದ ವಿಷಯದಲ್ಲಿ ನನ್ನ ಸಂಶಯ ತೀರಿತೆಂದೂ, ಸಾಲಮಾಡಿಯಾದರೂ ಕೀಲನ್ನು ಇಡಿಸುವೆನೆಂದೂ ಹೇಳಿದೆನು. ಅವನು ತಲೆ ತಗ್ಗಿಸಿಕೊಂಡು, "ಲೋಹ ತಡೆಯುತ್ತದೆ, ಮೇಷ್ಟ್ರೇ. ಅದನ್ನು ಹಿಡಿದುಕೊಳ್ಳುವ ಮಾಂಸ ಉಳಿದಿಲ್ಲ. ಗುಂಡು ಬಟ್ಟಲಿನಿಂದ ಜಾರಿಹೋಗಬಹುದು, ಮೂಳೆ ಸೀಳಬಹುದು. ಒಂದು ವರ್ಷ ಮೊದಲು ಬಂದಿದ್ದರೆ ನಾನೇ ಕಳಿಸಿಕೊಡುತ್ತಿದ್ದೆ" ಎಂದನು.

ರತನ್ ಟಾಟಾ ಅವರು ಕೀಲು ಬದಲಾಯಿಸುವುದಕ್ಕೆಂದು ತಮ್ಮ ನಾಯಿಯನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯಕ್ಕೆ ಕರೆದೊಯ್ದಿದ್ದರಂತೆ. ಅಷ್ಟರಲ್ಲಿ ಕಾಲ ಮೀರಿತ್ತು. ವೈದ್ಯರು ಆ ಕೀಲನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿಬಿಡಬೇಕಾಯಿತು. ಇದನ್ನು ಅವರೇ 2024ರಲ್ಲಿ ಹೇಳಿಕೊಂಡಿದ್ದರು. ಆ ವರ್ಷವೇ ಮುಂಬಯಿಯಲ್ಲಿ ಅವರ ದತ್ತಿಯಿಂದ ಸಣ್ಣ ಪ್ರಾಣಿಗಳ ದೊಡ್ಡ ಆಸ್ಪತ್ರೆಯೊಂದು ತೆರೆಯಿತು. ಅಷ್ಟು ಐಶ್ವರ್ಯವಂತರಿಗೂ ಕಾಲ ಮೀರುವುದುಂಟೆಂದು ಓದಿದಾಗ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ಅವರು ತಮ್ಮ ನಾಯಿಯನ್ನು ಹೊಡೆದಿರಲಿಲ್ಲ.

ಕಡೆಗೆ ಹೆಚ್ಚು ನೋಯುತ್ತಿದ್ದ ಎಡಗಡೆಯ ಮೂಳೆಯ ತಲೆಯನ್ನು ತೆಗೆಸಿದೆವು. ಎರಡು ತಿಂಗಳು ನನ್ನಾಕೆಯೂ ನಾನೂ ಸರದಿಯಂತೆ ಅವನ ಹೊಟ್ಟೆಯ ಕೆಳಗೆ ಟವೆಲನ್ನು ಕೊಟ್ಟು ಎತ್ತಿ ನಡೆಸಿದೆವು. ಈಗ ಭೈರನು ಕುಂಟುತ್ತಾನೆ, ಆದರೆ ನರಳುವುದಿಲ್ಲ. ಏಳು ಮೆಟ್ಟಿಲುಗಳ ಪಕ್ಕದಲ್ಲಿ ಅವನಿಗಾಗಿ ಹಲಗೆಯ ಇಳಿಜಾರೊಂದನ್ನು ಮಾಡಿಸಿದ್ದೇನೆ. ಆನೆ ಬಂದರೆ ಜಗಲಿಯಿಂದಲೇ ಬೊಗಳುತ್ತಾನೆ. ಆಳುಗಳಿಗೆ ಅಷ್ಟು ಸಾಕು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದಿತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದುದನ್ನು ಕೇಳೆಂದು ಗಂಗರ ಬೂತುಗನು ಹೇಳಲು, ಅವನು ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯನ್ನು ಏರ್ಪಡಿಸಿದರು. ಸತ್ತ ಮೇಲೆ ಕಲ್ಲು ನಿಲ್ಲಿಸುವುದು ನಮ್ಮ ನಾಡಿಗೆ ಹಿಂದಿನಿಂದಲೂ ಬಂದಿದೆ. ಬದುಕಿರುವಾಗ ಅದು ಏಕೆ ಏಳುತ್ತಿಲ್ಲವೆಂದು ಬಗ್ಗಿ ನೋಡುವುದನ್ನು, ಅದರ ಮೈಯೊಳಗೆ ಇಡುವ ಲೋಹವನ್ನು ಐವತ್ತು ಲಕ್ಷ ಸಲ ಒತ್ತಿ ನೋಡುವುದನ್ನು ನಾವು ಈಗೀಗ ಕಲಿಯುತ್ತಿದ್ದೇವೆ.

ಸಂಜೆ ನಾವಿಬ್ಬರೂ ಕೆರೆಯ ಏರಿಯ ತನಕ ನಡೆದು ಬರುತ್ತೇವೆ. ನಾನು ಊರುಗೋಲನ್ನು ಕೈಗೆ ತೆಗೆದುಕೊಂಡರೆ ಭೈರನು ಇಂದಿಗೂ ಎರಡು ಹೆಜ್ಜೆ ಆಚೆಗೆ ಸರಿದು ನಿಲ್ಲುತ್ತಾನೆ. ಯಾವ ಶಸ್ತ್ರವೈದ್ಯವೂ ಅದನ್ನು ತೆಗೆಯಲಾರದು. ಆದುದರಿಂದ ಕೋಲನ್ನು ಜಗಲಿಯ ಮೂಲೆಯಲ್ಲಿ ಬಿಟ್ಟು ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಪರೀಕ್ಷೆಯಾಗಿ ಬಂದ ನನ್ನ ಕೀಲು ಅಷ್ಟನ್ನು ತಡೆಯುತ್ತದೆ.